ಮುಂಜಾನೆ ಏಳದ ಗಾಡಿ

“ದಬ್ರಿ! ಇನ್ನಷ್ಟ್ ಜೋರ್ ದಬ್ರಿ!” ಅಪ್ಪ ಬಾಹುಬಲಿ ಸ್ಟೇರಿಂಗ್ ಹಿಡಿದುಕೊಂಡೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

ಭಕ್ತಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಅಂಬಾಸಿಡರಿನ ಡಿಕ್ಕಿಗೆ ಕೈ ಕೊಟ್ಟು ದಬ್ಬಿದಳು. ಅವಳ ಬಾಜೂ ಅವ್ವ. ಅವ್ವನ ಬಾಜೂ ಪಕ್ಕದ ಮನೆಯ ಮಾಲಿಂಗಪ್ಪ ಕಾಕಾ. ಖರೆ ಹೇಳಬೇಕೆಂದರೆ ಗಾಡಿ ಮುಂದೆ ಹೋಗುತ್ತಿದ್ದುದು ಕಾಕಾನ ತೋಳಿನ ಬಲದಿಂದ. ಐದನೇ ತರಗತಿಯ ಹುಡುಗಿಯೊಬ್ಬಳು ದಬ್ಬಿದರೆ ಅಂಬಾಸಿಡರಿಗೆ ನೊಣ ಕೂತಷ್ಟೂ ಗೊತ್ತಾಗುವುದಿಲ್ಲ. ಆದರೂ ಭಕ್ತಿ ಕೈ ತೆಗೆಯಲಿಲ್ಲ.

ಓಣಿಯ ತುದಿ ಮುಟ್ಟಿದ ಮೇಲೆ ಗಾಡಿ ಎರಡು ಸಲ ಕೆಮ್ಮಿ, ಒಂದಿಷ್ಟು ಕರಿ ಹೊಗೆ ಬಿಟ್ಟು ಚಾಲೂ ಆಯಿತು.

“ನಾಳೆನೂ ಇದ ಹಾಡೇನೊ ಬಾಹುಬಲಿ?” ಮಾಲಿಂಗಪ್ಪ ಕಾಕಾ ಕೈ ಒರೆಸಿಕೊಳ್ಳುತ್ತ ನಕ್ಕ. ಅಪ್ಪ ನಗಲಿಲ್ಲ. ಇವತ್ತಿಗೆ ಮೂರನೇ ದಿನ. ಹಗಲೆಲ್ಲ ಸ್ಟ್ಯಾಂಡಿನಿಂದ ಬಾಡಿಗೆಗೆ ಓಡಿ ಸಂಜೆ ಚೆನ್ನಾಗಿಯೇ ಬಂದು ನಿಲ್ಲುವ ಗಾಡಿ ಮುಂಜಾನೆ ಸತ್ತ ಹಾಗೆ ಬಿದ್ದಿರುತ್ತಿತ್ತು. ಚಾವಿ ತಿರುವಿದರೆ ಟಿಕ್ ಅನ್ನುತ್ತಿತ್ತು, ಅಷ್ಟೇ.

ಭಕ್ತಿ ತಿರುಗಿ ಮನೆಯ ಕಡೆ ನೋಡಿದಳು. ಶುಭಾಂಗಿ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಅತ್ತೆ ಅಪ್ಪನ ತಂಗಿ. ಚೊಚ್ಚಲ ಹೆರಿಗೆಗೆ ಮೂಡಲಗಿಯಿಂದ ತವರಿಗೆ, ಕೊಣ್ಣೂರಿಗೆ ಬಂದಿದ್ದಳು. “ಈ ವಾರದಾಗ ಯಾವಾಗರ ಬ್ಯಾನಿ ಬರಬಹುದು. ಬಂದ ಕೂಡ್ಲೆ ಕರಕೊಂಡ್ ಬರ್ರಿ, ತಡಾ ಮಾಡಬ್ಯಾಡ್ರಿ” ಎಂದು ಗೋಕಾಕದ ಡಾಕ್ಟರ್ ಬಾಯಿ ಎರಡೆರಡು ಸಲ ಹೇಳಿದ್ದರು. “ಮನಿ ಮುಂದ ಗಾಡಿ ಐತ್ರಿ. ಚಿಂತಿ ಯಾಕ?” ಎಂದು ಅಪ್ಪ ಎದೆಯುಬ್ಬಿಸಿ ಬಂದಿದ್ದ.

ಹಾಗೆ ಹೇಳಿ ಬಂದ ಮರುದಿನವೇ ಗಾಡಿ ಮುಷ್ಕರ ಹೂಡಿತ್ತು.

ಓಣಿಯಲ್ಲಿ ಇನ್ನೊಂದು ಗಾಡಿ ಇರಲಿಲ್ಲ. ಬಸ್ ಸ್ಟ್ಯಾಂಡಿನ ಟೆಂಪೋಗಳು ಮಂದಿ ತುಂಬುವವರೆಗೂ ಹೊರಡುವುದಿಲ್ಲ. ಅತ್ತೆಗೆ ಬ್ಯಾನಿ ಬಂದಾಗ ಗಾಡಿ ಏಳದಿದ್ದರೆ? ಈ ಪ್ರಶ್ನೆ ಭಕ್ತಿಯ ಜೊತೆ ಸಾಲಿಗೂ ಬರುತ್ತಿತ್ತು, ಗಣಿತದ ಪಾಟಿಯ ಮೇಲೂ ಕೂಡುತ್ತಿತ್ತು.

“ಅಂವಂದು ಕರಿನಾಲಿಗಿ,” ಎಂದು ಆಯಿ ಒಳಗೆ ಗೊಣಗಿದಳು. ಆಯಿ ಅಂದರೆ ಅಪ್ಪನ ತಾಯಿ ಜಿನ್ನವ್ವ. ಅವಳು ಹೇಳಿದ್ದು ಮಾಲಿಂಗಪ್ಪ ಕಾಕಾನ ಬಗ್ಗೆ. ಅಂಬಾಸಿಡರ್ ನಿಲ್ಲುವುದು ಕಾಕಾನ ಗೋಡೆಯ ಪಕ್ಕ. ಅಲ್ಲಿಯೇ ಕಾಕಾ ಕಬ್ಬಿನ ಒಣ ಎಲೆ, ಅಂದರೆ ರವದಿ, ಒಟ್ಟುತ್ತಿದ್ದ. ಜಾಗಕ್ಕಾಗಿ ಹೋದ ತಿಂಗಳು ಇಬ್ಬರಿಗೂ ಜೋರು ಜಗಳವಾಗಿತ್ತು. “ನಿಂತಲ್ಲೇ ನಿಲ್ಲಲಿ ನಿನ್ನ ಗಾಡಿ! ನಾಕ್ ಮಂದಿ ದಬ್ಬಿದ್ರೂ ಅಲ್ಲಾಡಬಾರ್ದು!” ಎಂದು ಕಾಕಾ ಸಿಟ್ಟಿನಲ್ಲಿ ಕೂಗಿದ್ದ. ಈಗ ಆ ನಾಲ್ಕು ಮಂದಿಯಲ್ಲಿ ಒಬ್ಬನಾಗಿ ತಾನೇ ದಿನಾ ಬಂದು ದಬ್ಬುತ್ತಿದ್ದ. ಅದು ಆಯಿಯ ಲೆಕ್ಕಕ್ಕೆ ಬರಲಿಲ್ಲ.

ಅಂದು ಶನಿವಾರ, ಸಾಲಿ ಬೇಗ ಬಿಟ್ಟಿತು. ಅಪ್ಪ ಭಕ್ತಿಯನ್ನೂ ಕೂಡಿಸಿಕೊಂಡು ಗೋಕಾಕದ ಶಿದ್ರಾಮನ ಅಂಗಡಿಗೆ ಹೋದ. ಶಿದ್ರಾಮ ಗಾಡಿಗಳ ವೈರಿಂಗ್ ಮಾಡುವ ಮಿಸ್ತ್ರಿ. ಮಾತು ಕಡಿಮೆ, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಸಣ್ಣ ಸ್ಕ್ರೂಡ್ರೈವರ್.

ಅವನು ಎಂಜಿನ್ ಚಾಲೂ ಇಡಿಸಿ, ಬ್ಯಾಟರಿಗೆ ಮೀಟರ್ ಹಿಡಿದ. “ಹದಿನಾಕು ವೋಲ್ಟ್ ತೋರಸ್ತೈತಿ. ಡೈನಮೊ ಬರೋಬರಿ ಐತ್ರಿ ಅಣ್ಣಾರ.”

“ಹಂಗಂದ್ರ ಏನ್ರಿ?” ಭಕ್ತಿ ಕೇಳಿದಳು.

“ನಿಮ್ಮ ಮನ್ಯಾಗ ನೀರಿನ ಟಾಕಿ ಐತೇನವಾ? ಬ್ಯಾಟರಿ ಅಂದ್ರ ಟಾಕಿ. ಡೈನಮೊ ಅಂದ್ರ ಅದನ್ನ ತುಂಬೂ ಮೋಟರ್. ಗಾಡಿ ಓಡೂವಾಗ ಮೋಟರ್ ತುಂಬಾಕತ್ತೈತಿ. ಆದ್ರ ರಾತ್ರಿ ಎಲ್ಲೋ ಸೋರಿ ಟಾಕಿ ಖಾಲಿ ಆಗಾಕತ್ತೈತಿ. ಕರೆಂಟ್ ಹೋಗಬಾರದ ದಾರೀಲೆ ಹೊಂಟೈತಿ. ಅದಕ್ಕ ನಾವು ಶಾರ್ಟ್ ಅಂತೀವಿ.”

ಅವನು ಎಂಜಿನ್ ಬಂದ್ ಮಾಡಿಸಿದ. ಬ್ಯಾಟರಿಯ ಒಂದು ವೈರ್ ಬಿಚ್ಚಿ, ಬ್ಯಾಟರಿಗೂ ಆ ವೈರಿಗೂ ನಡುವೆ ಒಂದು ಪುಟ್ಟ ಬಲ್ಬ್ ಹಿಡಿದ. “ಎಲ್ಲರ ಸೋರಾಕತ್ತಿದ್ರ ಈ ದೀಪ ಹತ್ತತೈತಿ, ನೋಡು.”

ಭಕ್ತಿ ಉಸಿರು ಬಿಗಿಹಿಡಿದು ನೋಡಿದಳು. ದೀಪ ಹತ್ತಲಿಲ್ಲ. ಶಿದ್ರಾಮ ಅಲ್ಲಿ ಇಲ್ಲಿ ವೈರುಗಳನ್ನು ಅಲುಗಿಸಿದ. ಆದರೂ ಹತ್ತಲಿಲ್ಲ.

“ಮೊನ್ನೆನೂ ಇದ ಹೇಳಿದಿ, ಇವತ್ತೂ ಇದ ಹೇಳ್ತಿ!” ಅಪ್ಪನ ದನಿ ಏರಿತು. “ಹೋದ ತಿಂಗಳ ವೈರಿಂಗ್ ಮಾಡಿದಾಂವ ನೀನ ಅಲ್ಲೇನು? ಏನೋ ಕೆಡಿಸಿಟ್ಟಿ ನೀನು. ಸ್ಟ್ಯಾಂಡಿನ್ಯಾಗ ಎಲ್ಲಾ ಡ್ರೈವರಗೂ ಹೇಳ್ತೇನಿ.”

ಬಾಜೂ ಅಂಗಡಿಯವರು ತಿರುಗಿ ನೋಡಿದರು. ಭಕ್ತಿಗೆ ನಾಚಿಕೆಯಾಯಿತು, ಅಂಜಿಕೆಯೂ ಆಯಿತು. ಅಪ್ಪ ಹೀಗೆ ಕೂಗುವವನಲ್ಲ. ಶಿದ್ರಾಮ ಮಾತ್ರ ಬಲ್ಬಿನ ವೈರ್ ಸುತ್ತಿಡುತ್ತ ಕೇಳಿದ, “ಹಗಲು ಸ್ಟ್ಯಾಂಡಿನ್ಯಾಗ ನಾಕ್ ತಾಸು ನಿಂತ್ರ ಚಾಲೂ ಆಕ್ಕೈತೇನ್ರಿ?”

“ಆಕ್ಕೈತಿ.”

“ಗಾಡಿ ಬ್ಯಾನಿ ಇರೂದು ರಾತ್ರಿ ಮನ್ಯಾಗ ನಿಂತಾಗ ಅಷ್ಟ. ಮುಂಜಾನಿ ನೀವು ದಬ್ಬಿ ಇಲ್ಲಿಗಿ ತರೂದ್ರಾಗ ರೋಡಿನ ಕುಲುಕಾಟಕ್ಕ ಅದು ಅಡಗಿಬಿಡ್ತೈತಿ. ನಾಳಿ ಐತಾರ. ಮುಂಜಾನಿ ನಾನ ನಿಮ್ಮ ಮನಿಗಿ ಬರ್ತೇನಿ. ಅಲ್ಲೀತನಕ ಗಾಡಿ ದಬ್ಬಬ್ಯಾಡ್ರಿ. ಬಾಗಲಾ ಸುದ್ದಾ ತಗೀಬ್ಯಾಡ್ರಿ.”

ಆ ಸಂಜೆ ಎಲ್ಲರೂ ದಿನದ ಹಾಗೆಯೇ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿದರು. ಜೈನರ ಮನೆಯಲ್ಲಿ ಕತ್ತಲಾದ ಮೇಲೆ ಉಣ್ಣುವುದಿಲ್ಲ. ಕೈ ತೊಳೆದುಕೊಂಡ ಭಕ್ತಿ ಅಡುಗೆಮನೆಯ ಡಬ್ಬಿಯಿಂದ ಬೆಲ್ಲದ ಎರಡು ಹೆಂಟೆ ತೆಗೆದಳು, ಒಣಕೊಬ್ಬರಿಯ ದೊಡ್ಡ ಚೂರು ತೆಗೆದಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಗಾಡಿಯ ಹತ್ತಿರ ಓಡಿದಳು.

ಇದು ಅವಳ ಗುಟ್ಟು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಆಯಿ ಗಾಡಿಗೆ ಕುಂಕುಮ ಹಚ್ಚಿ, “ಇದೂ ನಮ್ಮ ಮನಿ ದನಾ ಇದ್ದಂಗ. ಅದಕ್ಕೂ ಎಡಿ ಹಿಡೀಬೇಕು” ಎಂದು ಹೋಳಿಗೆಯ ನೈವೇದ್ಯ ತೋರಿಸಿದ್ದಳು. ಅತ್ತೆ ಬಂದ ದಿನದಿಂದ ಭಕ್ತಿ ಅದನ್ನೇ ಹಿಡಿದುಕೊಂಡಿದ್ದಳು. ಬಾನೆಟ್ಟಿನ ಲಾಕ್ ಸಡಿಲಾಗಿತ್ತು. ಹೆಗಲು ಕೊಟ್ಟು ಒಂದು ಗೇಣು ಎತ್ತಿದರೆ ಕೈ ಒಳಗೆ ಹೋಗುತ್ತಿತ್ತು. ಬ್ಯಾಟರಿಯ ಮಗ್ಗುಲಲ್ಲಿ ಒಂದು ಚೂರು ಬೆಲ್ಲ, ಒಂದು ಚೂರು ಕೊಬ್ಬರಿ ಇಟ್ಟು ಬರುತ್ತಿದ್ದಳು. ಗಾಡಿಯೂ ಜೈನರ ಮನೆಯದೇ ತಾನೇ? ಅದೂ ಹೊತ್ತು ಮುಳುಗುವುದರೊಳಗೇ ಉಣ್ಣಬೇಕು. ಮುಂಜಾನೆ ನೋಡಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಗಾಡಿ ತಿಂದಿದೆ ಎಂದು ಭಕ್ತಿಗೆ ಸಮಾಧಾನ. ಗಾಡಿಗಳು ತಿನ್ನುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅಂಜಿಕೆ ಬಂದಾಗ ಗೊತ್ತಿದ್ದದ್ದೆಲ್ಲ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತದೆ.

ಗಾಡಿ ಕೈಕೊಟ್ಟ ದಿನದಿಂದ ಅವಳು ಚೂರಿನ ಗಾತ್ರ ಹೆಚ್ಚಿಸಿದ್ದಳು. ಇವತ್ತು ಎರಡರಷ್ಟು ಇಟ್ಟಳು. ಸಾಲದೆಂದು ಚಿಟಿಕೆ ಕುಂಕುಮವನ್ನೂ ಹಾಕಿದಳು. “ನಾಳಿ ಚಾಲೂ ಆಗು. ಅತ್ತಿ ಸಂಬಂಧ ಆಗು,” ಎಂದು ಬಾನೆಟ್ಟಿಗೆ ಬಾಯಿ ಹತ್ತಿಸಿ ಪಿಸುಗುಟ್ಟಿದಳು.

ಮುಂಜಾನೆ ಅವಳನ್ನು ಎಬ್ಬಿಸಿದ್ದು ಅತ್ತೆಯ ನರಳಾಟ.

ಆಯಿ ಸೊಂಟಕ್ಕೆ ಸೆರಗು ಬಿಗಿದು ಅತ್ತೆಯ ಬೆನ್ನು ಒತ್ತುತ್ತಿದ್ದಳು. ಅವ್ವ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಅಪ್ಪ ಬನಿಯನ್ನಿನಲ್ಲೇ ಹೊರಗೆ ಓಡಿ, “ಮಾಲಿಂಗಪ್ಪಾ! ಬಾರೊ, ದಬ್ಬೂಣು!” ಎಂದು ಕೂಗಿದ. ಕಾಕಾ ಬಾಯಲ್ಲಿದ್ದ ಬೇವಿನ ಕಡ್ಡಿ ಎಸೆದು ಬಂದ. ಅಷ್ಟರಲ್ಲಿ ಶಿದ್ರಾಮನ ಲೂನಾ ಓಣಿಗೆ ತಿರುಗಿತು.

“ಮುಟ್ಟಬ್ಯಾಡ್ರಿ!” ಅವನು ದೂರದಿಂದಲೇ ಕೂಗಿದ.

“ತಂಗಿಗೆ ಬ್ಯಾನಿ ಹತ್ಯಾವು. ನಿನ್ನ ದೀಪಾ ಗೀಪಾ ಆಮ್ಯಾಲ!”

“ಅಣ್ಣಾರ, ಇದು ಶಾರ್ಟ್ ಐತಿ. ದಾರ್ಯಾಗ ವೈರ್ ಹತ್ತಿ ಉರದ್ರ ಏನ್ ಮಾಡ್ತೀರಿ? ಹೊಟ್ಟಿಲೆ ಇದ್ದಾಕಿನ್ನ ಕುಂಡ್ರಸ್ಕೊಂಡು?”

ಅಪ್ಪನ ಕೈ ಬಾಗಿಲ ಹಿಡಿಕೆಯ ಹತ್ತಿರವೇ ನಿಂತಿತು. ಆಗ ಬಾಗಿಲಿನಿಂದ ಅತ್ತೆಯ ದನಿ ಬಂತು. “ಅಣ್ಣಾ, ಬ್ಯಾನಿ ಇನ್ನ ಬಿಟ್ಟು ಬಿಟ್ಟು ಬರಾಕತ್ತಾವು. ಹತ್ತು ಮಿನಿಟ್ ತಡೀತೇನಿ. ಮೊದಲ ನೋಡಲಿ ಅಂವ.”

ಶಿದ್ರಾಮ ಬಾನೆಟ್ಟನ್ನು ಹಾಲಿನ ಪಾತ್ರೆಯ ಮುಚ್ಚಳ ತೆಗೆಯುವಷ್ಟು ಮೆಲ್ಲಗೆ ಎತ್ತಿ ಮಾಲಿಂಗಪ್ಪ ಕಾಕಾನಿಗೆ ಹಿಡಿಯಲು ಕೊಟ್ಟ. ಬ್ಯಾಟರಿಯ ವೈರ್ ಬಿಚ್ಚಿ ಬಲ್ಬ್ ಹಿಡಿದ.

ದೀಪ ಹತ್ತಿತು.

“ಸಿಕ್ತು!” ಎಂದ ಶಿದ್ರಾಮ. “ಇದ್ದ ಮೂವರಾಗ ಕದ್ದವ್ರು ಯಾರು, ಈಗ ನೋಡೂಣು.” ಅವನು ಒಂದೊಂದೇ ಫ್ಯೂಜ್ ಕೀಳತೊಡಗಿದ. ಲೈಟಿನ ಫ್ಯೂಜ್ ಕಿತ್ತ. ದೀಪ ಉರಿಯುತ್ತಲೇ ಇತ್ತು. ಹಾರ್ನಿನದು ಕಿತ್ತ. ಉರಿಯುತ್ತಲೇ ಇತ್ತು. ಎಲ್ಲ ಫ್ಯೂಜುಗಳೂ ಅವನ ಅಂಗೈಗೆ ಬಂದವು, ದೀಪ ಮಾತ್ರ ಆರಲಿಲ್ಲ. ಒಳಗೆ ಅತ್ತೆ ಮತ್ತೆ ನರಳಿದಳು.

“ಇನ್ನ ಉಳಿದದ್ದು ಡೈನಮೊ ಒಂದ.” ಶಿದ್ರಾಮ ಬಲ್ಬನ್ನು ಅಪ್ಪನ ಕೈಗೆ ಕೊಟ್ಟು, ಡೈನಮೊದ ಹಿಂದಿನ ನಟ್ಟು ಬಿಚ್ಚಿ ದಪ್ಪ ವೈರನ್ನು ಮೆಲ್ಲಗೆ ಹೊರಗೆಳೆದ. ಅಪ್ಪನ ಕೈಯಲ್ಲಿ ದೀಪ ಫಕ್ಕನೆ ಆರಿತು.

ಶಿದ್ರಾಮ ಟಾರ್ಚ್ ಹಾಕಿ ಆ ವೈರಿನ ಗುಂಟ ನೋಡಿದ. ಡೈನಮೊ ಹಿಂದಿನ ಸಂದಿಗೆ ಕೈ ಹಾಕಿ ಮುಷ್ಟಿ ತುಂಬ ರವದಿ ಎಳೆದ. ಕಬ್ಬಿನ ಸೀಮೆಯ ಗಾಡಿಯಲ್ಲಿ ಎರಡು ಎಳೆ ರವದಿ ಸಿಕ್ಕರೆ ಯಾರೂ ಕೇಳುವುದಿಲ್ಲ. ಇದು ಎರಡು ಎಳೆಯಲ್ಲ, ಒಂದು ಗೂಡಾಗುವಷ್ಟಿತ್ತು.

“ಇಲಿ!” ಎಂದ. “ನೋಡ್ರಿಲ್ಲಿ, ವೈರಿನ ಮ್ಯಾಲಿನ ರಬ್ಬರ್ ಕಡದೈತಿ. ಒಳಗಿನ ತಾಂಬ್ರದ ಎಳಿ ಹೊರಗ ಬಿದ್ದಾವು. ರಾತ್ರಿ ಬಂದು ರವದಿ ತುರಕ್ತೈತಿ. ಎಳಿ ಹೋಗಿ ಕಬ್ಬಿಣಕ್ಕ ತಾಗಿ ಕರೆಂಟ್ ಸೋರ್ತೈತಿ. ಹಗಲು ಗಾಡಿ ಕುಲುಕಿದ್ರ ಬಿಡ್ತೈತಿ. ಅದಕ್ಕ ನನ್ನ ಅಂಗಡ್ಯಾಗ ಸಿಗಲಿಲ್ಲ.” ಅವನು ಟಾರ್ಚನ್ನು ಇತ್ತ ತಿರುಗಿಸಿದ. “ಅಲ್ರಿ, ಇಲಿಗಿ ಇಲ್ಲೇನ್ ಕೆಲಸಾ?”

ಟಾರ್ಚಿನ ಬೆಳಕು ಬ್ಯಾಟರಿಯ ಮಗ್ಗುಲಿಗೆ ಬಂದು ನಿಂತಿತ್ತು. ಅರ್ಧ ಕಡಿದ ಬೆಲ್ಲದ ಹೆಂಟೆ ಅಲ್ಲಿಯೇ ಕೂತಿತ್ತು. ಮೈಮೇಲೆಲ್ಲ ಕುಂಕುಮ.

“ಅಯ್ಯ ನನ್ನಪ್ಪ!” ಹೊರಗೆ ಬಂದು ಇಣುಕಿದ ಆಯಿ ಬಾಯಿಗೆ ಸೆರಗು ಹಿಡಿದಳು. “ಬೆಲ್ಲಾ, ಕುಂಕಮಾ! ಯಾರೋ ಮಾಟಾ ಮಾಡ್ಯಾರ!”

ಅಪ್ಪ ಬೆಲ್ಲ ನೋಡಿದ. ನೆಲಕ್ಕೆ ಬಿದ್ದ ರವದಿ ನೋಡಿದ. ಆಮೇಲೆ ತಲೆಯೆತ್ತಿ ಮಾಲಿಂಗಪ್ಪ ಕಾಕಾನ ಮುಖ ನೋಡಿದ.

ಆ ನೋಟದ ಮಾತು ಎಲ್ಲರಿಗೂ ಕೇಳಿಸಿತು. ಕಾಕಾನ ಕೈ ಇನ್ನೂ ಬಾನೆಟ್ಟನ್ನು ಎತ್ತಿ ಹಿಡಿದಿತ್ತು. ಅವನ ಮುಖ ಕಪ್ಪಿಟ್ಟಿತು. “ಬಾಹುಬಲಿ...” ಎಂದ.

ಸುಮ್ಮನಿದ್ದರೆ ಭಕ್ತಿಯ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಓಡಿಹೋಗಿ ಹಾಸಿಗೆಯೊಳಗೆ ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು. ಆದರೆ ಕಾಕಾ ಅಪ್ಪನ ಕಡೆಯಿಂದ ಮುಖ ತಿರುಗಿಸಿಕೊಂಡದ್ದು ಕಂಡಿತು.

“ನಾ ಇಟ್ಟೇನಿ ಅಪ್ಪಾ!” ಅವಳ ದನಿ ಅವಳಿಗೇ ಚೀರಿದಂತೆ ಕೇಳಿಸಿತು. “ಕಾಕಾ ಅಲ್ಲ. ನಾನ ಇಟ್ಟೇನಿ. ದಿನಾ ಇಡಾಕತ್ತೇನಿ. ಹೊತ್ತು ಮುಳಗೂದ್ರಾಗ ಗಾಡಿಗಿ ಎಡಿ ಹಿಡಿದ್ರ... ಅತ್ತಿಗೆ ಬ್ಯಾನಿ ಬಂದಾಗ ಚಾಲೂ ಆಕ್ಕೈತಿ ಅಂತ...” ಮುಂದಿನದು ಅಳುವಿನಲ್ಲಿ ಕಲಸಿಹೋಯಿತು.

ಆಯಿ ಸೆರಗನ್ನು ಬಾಯಿಂದ ತೆಗೆಯಲೇ ಇಲ್ಲ. ಅಪ್ಪನಿಗೆ ಯಾರ ಕಡೆ ನೋಡಬೇಕೆಂದು ತಿಳಿಯಲಿಲ್ಲ. ಶಿದ್ರಾಮನೊಬ್ಬನೇ ಏನೂ ಆಗದವನಂತೆ ಕಡಿದ ವೈರಿಗೆ ಕರಿ ಟೇಪ್ ಸುತ್ತುತ್ತಿದ್ದ. “ಬೆಲ್ಲಾ ಸಿಕ್ಕದ್ದು ಚಲೋ ಆತು. ಇಲ್ಲಾಂದ್ರ ಈ ವೈರ್ ಹಚ್ಚಿ ಹೋಗತಿದ್ದೆ, ಇಲಿ ಮತ್ತ ಬರತಿತ್ತು.”

ಅವನು ವೈರ್ ಜೋಡಿಸಿ, ಮತ್ತೆ ಬಲ್ಬ್ ಹಿಡಿದು ತೋರಿಸಿದ. ದೀಪ ಹತ್ತಲಿಲ್ಲ. ಸೋರುವುದು ನಿಂತಿತ್ತು. ಆದರೆ ರಾತ್ರಿ ಖಾಲಿಯಾದ ಬ್ಯಾಟರಿ ಖಾಲಿಯೇ ಇತ್ತಲ್ಲ. ಅತ್ತೆಯನ್ನೂ ಆಯಿಯನ್ನೂ ಹಿಂದೆ ಕೂಡಿಸಿದರು. ಅತ್ತೆ ಭಕ್ತಿಯ ತೋಳು ಹಿಡಿದೆಳೆದು, “ನೀ ಬಾ. ನನ್ನ ಕೈ ಹಿಡ್ಕೊ” ಎಂದಳು.

ಇನ್ನು ದಬ್ಬಬೇಕು. ಭಕ್ತಿ ಹಿಂದಿನ ಗಾಜಿನಲ್ಲಿ ನೋಡಿದಳು. ಶಿದ್ರಾಮ ಬಂದ, ಅವ್ವ ಬಂದಳು. ಮಾಲಿಂಗಪ್ಪ ಕಾಕಾ ದೂರ ನಿಂತಿದ್ದ. ಬರುವುದಿಲ್ಲವೇನೋ ಅನ್ನಿಸಿತು. ಅತ್ತೆಗೆ ಇನ್ನೊಂದು ಬ್ಯಾನಿ ಬಂತು, ಅವಳು ಹಲ್ಲು ಕಚ್ಚಿ ನರಳಿದಳು. ಕಾಕಾ ನಾಲ್ಕು ಹೆಜ್ಜೆಗೆ ಬಂದು ಡಿಕ್ಕಿಗೆ ಎದೆ ಕೊಟ್ಟ. ಗಾಡಿ ಓಣಿಯ ತುದಿ ಮುಟ್ಟುವ ಮುಂಚೆಯೇ ಚಾಲೂ ಆಯಿತು.

ಗೋಕಾಕದ ದವಾಖಾನೆಯಲ್ಲಿ ಅತ್ತೆಯನ್ನು ಒಳಗೆ ಕರೆದುಕೊಂಡು ಹೋದರು. ಆಯಿಯೂ ಹೋದಳು. ಅಪ್ಪ ಎಂಜಿನ್ ಬಂದ್ ಮಾಡದೆ ಅಂಗಳದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಕೂತ. ಬ್ಯಾಟರಿ ತುಂಬಬೇಕಿತ್ತು. ಭಕ್ತಿ ಬಾಜೂ ಸೀಟಿನ ಅಂಚಿಗೆ ಒತ್ತಿಕೊಂಡಳು. ಈಗ ಬೈಯುತ್ತಾನೆ, ಇನ್ನೇನು ಬೈಯುತ್ತಾನೆ ಎಂದು ಕಾದಳು.

ಅಪ್ಪ ಸ್ಟೇರಿಂಗಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ.

“ನಾ ಬಾಳ ಅಂಜಿದ್ದೆವಾ,” ಎಂದ ಕೊನೆಗೆ. “ಶಿದ್ರಾಮಗ ಮಂದಿ ಮುಂದ ಒದರಿದೆ. ಅಂವಂದು ಏನೂ ತಪ್ಪಿರಲಿಲ್ಲ.”

ಭಕ್ತಿ ಮೂಗು ಒರೆಸಿಕೊಂಡಳು. ಅಪ್ಪನಿಗೂ ಅಂಜಿಕೆ ಆಗುತ್ತದೆ ಎಂದು ಅವಳು ಎಂದೂ ಯೋಚಿಸಿರಲಿಲ್ಲ. ಅವಳು ಅಂಜಿ ಬೆಲ್ಲ ಇಟ್ಟಿದ್ದಳು. ಅಪ್ಪ ಅಂಜಿ ಕೂಗಿದ್ದ.

“ನಾ ಮಾಲಿಂಗಪ್ಪನ ಮಾರಿ ನೋಡಿದೆ ನೋಡು,” ಅಪ್ಪನ ದನಿ ಸಣ್ಣದಾಯಿತು. “ಅಂವಗ ತಿಳೀತೇನು?”

ಇಲ್ಲ ಅಂದರೆ ಅಪ್ಪನಿಗೆ ಹಗುರಾಗುತ್ತಿತ್ತು. “ತಿಳೀತಪ್ಪಾ,” ಎಂದಳು ಭಕ್ತಿ.

ಹೊತ್ತು ನೆತ್ತಿಗೆ ಬರುವಾಗ ಆಯಿ ಹೊರಗೆ ಬಂದಳು. ಕಣ್ಣಲ್ಲಿ ನೀರು, ಬಾಯಿ ತುಂಬ ನಗು. “ಹೆಣ್ಣ ಹುಟ್ಟೇತಿ! ತಾಯಿ ಮಗಳು ಇಬ್ಬರೂ ಆರಾಮ ಅದಾರ!” ಭಕ್ತಿ ಸೀಟಿನ ಮೇಲೆಯೇ ಎದ್ದು ನಿಲ್ಲಲು ಹೋಗಿ ತಲೆ ಬಡಿಸಿಕೊಂಡಳು.

ಆಯಿಯನ್ನು ದವಾಖಾನೆಯಲ್ಲೇ ಬಿಟ್ಟು ಊರಿಗೆ ಹೊರಡುವಾಗ ಅಪ್ಪ ಮೊದಲು ಶಿದ್ರಾಮನ ಅಂಗಡಿಯ ಮುಂದೆ ನಿಲ್ಲಿಸಿ ಇಳಿದು ಹೋದ. ಏನು ಮಾತಾಡಿದನೋ ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಶಿದ್ರಾಮ ನಕ್ಕು ಕೈ ಬೀಸಿದ್ದು ಕಂಡಿತು. ಆಮೇಲೆ ಪೇಟೆಯಲ್ಲಿ ಕರದಂಟಿನ ಪೊಟ್ಟಣ ಕಟ್ಟಿಸಿಕೊಂಡರು. ಕೊಣ್ಣೂರು ಮುಟ್ಟಿ ಓಣಿಗೆ ತಿರುಗಿದಾಗ ಬಾಗಿಲಲ್ಲಿ ಅವ್ವ ದಾರಿ ಕಾಯುತ್ತ ನಿಂತಿದ್ದಳು. ಅಪ್ಪ ತಮ್ಮ ಮನೆಯ ಮುಂದೆ ನಿಲ್ಲಿಸುತ್ತಾನೆ ಅಂದುಕೊಂಡು ಭಕ್ತಿ ಬಾಗಿಲಿಗೆ ಕೈ ಹಾಕಿದಳು. ಗಾಡಿ ಅವ್ವನನ್ನು ದಾಟಿ, ಮಾಲಿಂಗಪ್ಪ ಕಾಕಾನ ಮನೆಯ ಮುಂದೆ ಹೋಗಿ ನಿಂತಿತು.

ಕಾಕಾ ಗೋಡೆಯ ಪಕ್ಕದ ರವದಿಯನ್ನು ಹೊರೆ ಕಟ್ಟಿ ಹಿತ್ತಲಿಗೆ ಸಾಗಿಸುತ್ತಿದ್ದ. ಅರ್ಧ ಜಾಗ ಆಗಲೇ ಖಾಲಿಯಾಗಿತ್ತು. ಅವನು ಹೊರೆ ಇಳಿಸಿ ನಿಂತ, ಇತ್ತ ಬರಲಿಲ್ಲ.

ಅಪ್ಪ ಪೊಟ್ಟಣ ಹಿಡಿದುಕೊಂಡು ಹೋಗಿ ಅವನೆದುರು ನಿಂತ. “ಮಾಲಿಂಗಪ್ಪಾ, ಶುಭಾಂಗಿಗೆ ಹೆಣ್ಣ ಹುಟ್ಟೇತಿ. ಮನ್ಯಾಗ ಇನ್ನ ಹೇಳಿಲ್ಲ. ಮೊದಲ ನಿನಗ...” ಅಪ್ಪ ಪೊಟ್ಟಣ ಮುಂದೆ ಚಾಚಿದ. “ಮುಂಜಾನಿ ನಾ...”

ಕಾಕಾ ಅಪ್ಪನ ಮುಖವನ್ನೇ ನೋಡಿದ. ಆಮೇಲೆ ಪೊಟ್ಟಣಕ್ಕೆ ಕೈ ಹಾಕಿ ಒಂದು ತುಂಡು ಕರದಂಟು ತೆಗೆದ. “ನಾಕ್ ದಿನಾ ದಬ್ಬಿ ದಬ್ಬಿ ನನ್ನ ನಡಾ ಹೋಗೇತಿ. ಒಂದರಾಗ ಆಗೂದಿಲ್ಲಪಾ,” ಎಂದು ಇನ್ನೊಂದೂ ತೆಗೆದ.

ಅಪ್ಪ ನಗಲು ಹೋಗಿ ಕಣ್ಣು ಒರೆಸಿಕೊಂಡ. ಅವ್ವ ಸೆರಗು ಹಾರಿಸಿಕೊಂಡು ಓಡಿ ಬರುತ್ತಿದ್ದಳು, “ಏನಾತ್ರಿ? ಏನ್ ಹುಟ್ತು? ನನಗ್ಯಾರು ಹೇಳೂವ್ರು?” ಎಂದು ದೂರದಿಂದಲೇ ಕೇಳುತ್ತ.

ಅಪ್ಪ ತಿರುಗಿ ಭಕ್ತಿಯ ಕಡೆ ನೋಡಿದ. ಭಕ್ತಿ “ಹೆಣ್ಣವ್ವಾ!” ಎಂದು ಕೂಗಿ ಗಾಡಿಯಿಂದ ಇಳಿದಳು. ಅವ್ವನಿಗೆ ಯಾಕೆ ಎರಡನೆಯವಳಾಗಿ ಸುದ್ದಿ ಸಿಕ್ಕಿತು ಎಂದು ಆಮೇಲೆ ಮೆಲ್ಲಗೆ ಹೇಳಬಹುದು. ಈಗ ಕಾಕಾನ ಹೊರೆಯಿಂದ ಜಾರಿಬಿದ್ದ ರವದಿಯನ್ನು ಎರಡೂ ತೋಳಲ್ಲಿ ಬಾಚಿಕೊಂಡು ಅವಳು ಅವನ ಹಿತ್ತಲಿನ ಕಡೆ ನಡೆದಳು.